ಮುಂಬೈ ಬೆಡ್‌ರೂಮಿಗೆ ಎಷ್ಟು ಟನ್ನಿನ ಏಸಿ?

ಹತ್ತು ಅಡಿಗೆ ಹನ್ನೆರಡು, ಅಂದರೆ 120 ಚದರಡಿ. ಮುಂಬೈ, ಡೊಂಬಿವಲಿ ಕಡೆಯ ಫ್ಲಾಟುಗಳಲ್ಲಿ ಬೆಡ್‌ರೂಮು ಹೆಚ್ಚುಕಡಿಮೆ ಇಷ್ಟೇ. ಇದಕ್ಕೆ 1 ಟನ್ ಸಾಕು (ಟನ್ ಅಂದರೆ ಇಲ್ಲಿ ತೂಕವಲ್ಲ, ಏಸಿ ಎಷ್ಟು ತಂಪು ಮಾಡಬಲ್ಲದು ಎಂಬ ಅಳತೆ). ‘ಇರಲಿ, ದೊಡ್ಡದೇ ಹಾಕಿಸೋಣ’ ಅಂತ 2 ಟನ್ ತರಬೇಡಿ. ಇಲ್ಲಿ ಸೆಕೆಯಷ್ಟೇ ಕಾಟ ಕೊಡೋದು ಗಾಳಿಯ ತೇವ. ದೊಡ್ಡ ಏಸಿ ಹತ್ತೇ ನಿಮಿಷಕ್ಕೆ ಕೋಣೆ ತಣ್ಣಗೆ ಮಾಡಿ ಕಂಪ್ರೆಸರ್ ನಿಲ್ಲಿಸಿಬಿಡುತ್ತದೆ. ಗಾಳಿಯ ತೇವ ಏಸಿಯೊಳಗಿನ ತಣ್ಣನೆಯ ಕೊಳವೆ ಸುರುಳಿಯ (ಕಾಯಿಲ್) ಮೇಲೆ ನೀರಾಗಿ ಕಟ್ಟಿ ಪೈಪಿನಿಂದ ಹೊರಗೆ ಹೋಗಲು ಸಮಯವೇ ಸಿಗುವುದಿಲ್ಲ. ಥಂಡಿ ಇರುತ್ತದೆ, ಹಾಸಿಗೆ ಮುಟ್ಟಿದರೆ ಮಾತ್ರ ಜಿಗಿಜಿಗಿ. ಇನ್ವರ್ಟರ್ ಏಸಿ ಕಂಪ್ರೆಸರ್ ನಿಲ್ಲಿಸುವ ಬದಲು ಅದರ ವೇಗ ತಗ್ಗಿಸಿಕೊಂಡು ಸ್ವಲ್ಪ ಸಂಭಾಳಿಸುತ್ತದೆ, ಆದರೆ ಅದೂ ಒಂದು ಮಟ್ಟಕ್ಕಿಂತ ಕೆಳಗೆ ಇಳಿಯಲಾರದು.

ಮೇಲೆ ತಾರಸಿ ಇದ್ದರೆ, ಇಲ್ಲವೇ ಪಶ್ಚಿಮಕ್ಕೆ ದೊಡ್ಡ ಕಿಟಕಿ ಇದ್ದರೆ ಅದೇ 120 ಚದರಡಿಗೆ 1.5 ಟನ್ ಬೇಕು. ಹಾಲ್ ಅಡುಗೆಮನೆಗೆ ತೆರೆದುಕೊಂಡಿದ್ದರೆ ಎರಡನ್ನೂ ಸೇರಿಸಿ ಅಳೆಯಿರಿ.

ಅಂಗಡಿಯಲ್ಲಿ ಟನ್ ಕೇಳಿ ಸುಮ್ಮನಾಗಬೇಡಿ, ಸ್ಟಾರ್ ಲೇಬಲ್ ಮೇಲೆ ತಂಪಿನ ಸಾಮರ್ಥ್ಯವನ್ನು ವ್ಯಾಟ್‌ನಲ್ಲಿ ಬರೆದಿರುತ್ತಾರೆ, ಅದನ್ನು ಓದಿ. 1 ಟನ್ ಅಂದರೆ ಸುಮಾರು 3500 ವ್ಯಾಟ್. 3300 ಇರುವುದನ್ನೂ 1 ಟನ್ ಎಂದೇ ಮಾರುತ್ತಾರೆ. ಆ ಕೊರತೆ ಮೇ ತಿಂಗಳ ಮಧ್ಯಾಹ್ನ ಗೊತ್ತಾಗುತ್ತದೆ.