ಬುಧವಾರದ ಚುಚ್ಚುಮದ್ದು, ಬಾಣಂತಿಗೆ ಹತ್ತು ಪ್ರಶ್ನೆ

ಬುಧವಾರ ಬೆಳಿಗ್ಗೆ ಕಾಸರಗೋಡಿನ ಕುಂಬಳೆ, ಬದಿಯಡ್ಕ, ಪೆರ್ಲ ಕಡೆಯ ಆರೋಗ್ಯ ಕೇಂದ್ರಗಳಲ್ಲಿ ಒಂದೂವರೆ ತಿಂಗಳ ಮಕ್ಕಳದ್ದೇ ಅಳು. ಎರಡು ತೊಡೆಗೆ ಎರಡು ಸೂಜಿ, ತೋಳಿಗೆ ಒಂದು, ಬಾಯಿಗೆ ಪೋಲಿಯೊ ಮತ್ತು ರೋಟಾ ಹನಿ. ತೂಕ ನೋಡಿ ಕಾರ್ಡಿಗೆ ಬರೆಯುತ್ತಾರೆ. 'ಹಾಲು ಸಾಕಾಗ್ತದಾ' ಎಂದು ಕೇಳುತ್ತಾರೆ. ಮಗುವನ್ನು ಎತ್ತಿಕೊಂಡವಳನ್ನು ಯಾರೂ ಏನೂ ಕೇಳುವುದಿಲ್ಲ. ಸೂಜಿಯಾದ ಮೇಲೆ ಅರ್ಧ ಗಂಟೆ ಕೂರಲೇಬೇಕಲ್ಲ, ತಾಯಿಯ ಮನಸ್ಸನ್ನು ವಿಚಾರಿಸಲು ಅದೇ ಸಮಯ.

ಹೆರಿಗೆಯಾದ ಮೂರು-ನಾಲ್ಕನೇ ದಿನ ಕಾರಣವಿಲ್ಲದೆ ಅಳು ಬರುವುದು ಬಹಳ ಮಂದಿಗೆ ಇದ್ದದ್ದೇ. ಎರಡು ವಾರದೊಳಗೆ ತಾನಾಗಿ ಇಳಿಯುತ್ತದೆ. ಇಳಿಯದೆ ಉಳಿದರೆ ಅದು ಖಿನ್ನತೆ ಇರಬಹುದು. ನೋಡಲು ಎಡಿನ್‌ಬರೊ ಮಾಪನ ಎಂಬ ಹತ್ತು ಪ್ರಶ್ನೆಗಳ ಹಾಳೆಯಿದೆ. 1987ರಲ್ಲಿ ಬಂದದ್ದು, ಕನ್ನಡದಲ್ಲೂ ಇದೆ. ಕಳೆದ 7 ದಿನಗಳ ಬಗ್ಗೆ ಮಾತ್ರ ಕೇಳಬೇಕು. ಒಂದೊಂದಕ್ಕೆ 0ಯಿಂದ 3, ಒಟ್ಟು 30. ಸಾಮಾನ್ಯವಾಗಿ 13 ಅಥವಾ ಅದಕ್ಕಿಂತ ಹೆಚ್ಚು ಬಂದರೆ ವೈದ್ಯರಲ್ಲಿಗೆ. 10ರಿಂದ 12 ಬಂದರೆ ಎರಡು ವಾರ ಬಿಟ್ಟು ಮತ್ತೊಮ್ಮೆ. ಹತ್ತನೆಯದು ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆಯ ಪ್ರಶ್ನೆ. ಅದಕ್ಕೆ ಸೊನ್ನೆ ಬಿಟ್ಟು ಏನು ಬಂದರೂ, ಒಟ್ಟು ಅಂಕ ನಾಲ್ಕೇ ಇದ್ದರೂ, ಅವತ್ತೇ ವೈದ್ಯರ ಮುಂದೆ ಕೂರಿಸಬೇಕು.

ಲೆಕ್ಕ ತಪ್ಪುವುದು ಇಲ್ಲಿ: 1, 2 ಮತ್ತು 4ನೇ ಪ್ರಶ್ನೆಗಳಲ್ಲಿ ಮೇಲಿನ ಉತ್ತರಕ್ಕೆ ಸೊನ್ನೆ. ಉಳಿದ ಏಳರಲ್ಲಿ ಮೇಲಿನದಕ್ಕೇ 3. ಅವಸರದಲ್ಲಿ ಎಲ್ಲದರಲ್ಲೂ ಮೇಲಿನದಕ್ಕೆ ಸೊನ್ನೆ ಎಂದೇ ಕೂಡಿಸಿದರೆ ತೀರಾ ಬಳಲಿದವಳೂ ಆರಾಮಾಗಿ ಕಾಣುತ್ತಾಳೆ. ನಿದ್ದೆಯ ಪ್ರಶ್ನೆಯೂ ಹಾಗೆಯೇ. 'ಪುಟ್ಟ ಮಗು ಇರುವಾಗ ನಿದ್ದೆ ಎಲ್ಲಿಂದ' ಎಂಬ ಉತ್ತರ ಉಪಯೋಗಕ್ಕೆ ಬರುವುದಿಲ್ಲ. ಮಗು ಮಲಗಿದ ಮೇಲೆ ನಿಮಗೆ ನಿದ್ದೆ ಬರ್ತದಾ ಎಂದು ಕೇಳಿ.

ಕಾಸರಗೋಡಿನಲ್ಲಿ ಇನ್ನೊಂದು ತೊಡಕು, ಭಾಷೆ. ಸಿಬ್ಬಂದಿಯದು ಮಲಯಾಳ; ಬಂದವಳ ಮನೆಮಾತು ಕನ್ನಡವೋ ಹವ್ಯಕವೋ ತುಳುವೋ. 'ಸಂಕಟಂ ಉಂಡೋ' ಎಂದರೆ ಮಲಯಾಳದಲ್ಲಿ ಮನಸ್ಸಿನ ದುಃಖ. ಇವಳಿಗೆ ಸಂಕಟ ಎಂದರೆ ಹೊಟ್ಟೆಯದ್ದು. 'ಇಲ್ಲ' ಎನ್ನುತ್ತಾಳೆ, ಅಲ್ಲಿಗೆ ಮುಗಿಯಿತು. ಅದಕ್ಕಿಂತ ಕೆಟ್ಟದ್ದು ಅತ್ತೆಯೋ ನಾದಿನಿಯೋ ನಡುವೆ ನಿಂತು ಭಾಷಾಂತರಿಸುವುದು. ಅತ್ತೆಯ ಎದುರು ಯಾವ ಸೊಸೆ ತಾನೇ 'ನನಗೆ ಮಗುವನ್ನು ಮುಟ್ಟಬೇಕು ಅನ್ನಿಸುವುದಿಲ್ಲ' ಎಂದಾಳು? ಮಗುವನ್ನು ಅಜ್ಜಿಯ ಕೈಗೆ ಕೊಟ್ಟು ಹೊರಗೆ ಕಳಿಸಿ, ಹಾಳೆಯನ್ನು ತಾಯಿಯ ಕೈಗೇ ಕೊಡಿ. ಕನ್ನಡ ಬಲ್ಲ ಆಶಾ ಕಾರ್ಯಕರ್ತೆ ಇದ್ದರೆ ಪಕ್ಕದಲ್ಲಿ ಕೂರಲಿ. 14416ಕ್ಕೆ ಫೋನ್ ಮಾಡಿದರೆ ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ. ಕನ್ನಡದಲ್ಲೇ ಮಾತಾಡುತ್ತೇನೆ ಎನ್ನಬಹುದು, ದುಡ್ಡು ಬೇಡ.

ವೈದ್ಯರು ಮೊದಲು ರಕ್ತ ನೋಡುತ್ತಾರೆ. ಹಿಮೋಗ್ಲೋಬಿನ್ ಇಳಿದಿದ್ದರೂ ಥೈರಾಯ್ಡ್ ಏರುಪೇರಾಗಿದ್ದರೂ ಇದೇ ರೀತಿಯ ಸುಸ್ತು, ಇದೇ ಮಂಕು. ಮಾತ್ರೆ ಬೇಕಾದರೆ ಹಾಲೂಡಿಸುವವರಿಗೆ ಹೆಚ್ಚಾಗಿ ಸರ್ಟ್ರಾಲಿನ್. ಹಾಲಿಗೆ ಸೇರುವುದು ತೀರಾ ಅಲ್ಪ, ಎದೆಹಾಲು ಬಿಡಿಸಬೇಕಾಗಿಲ್ಲ. ಗುಣ ಕಾಣಲು ಎರಡರಿಂದ ನಾಲ್ಕು ವಾರ ಬೇಕು. ಹತ್ತು ದಿನ ನುಂಗಿ 'ಏನೂ ಆಗಲಿಲ್ಲ' ಎಂದು ಬಿಡುವವರು ಒಂದು ಕಡೆ, ಎರಡನೇ ತಿಂಗಳಿಗೆ ಹುಷಾರಾಯಿತೆಂದು ಬಿಡುವವರು ಇನ್ನೊಂದು ಕಡೆ. ಹುಷಾರಾದ ಮೇಲೂ ಕನಿಷ್ಠ ಆರು ತಿಂಗಳು ಮುಂದುವರಿಯಬೇಕು, ನಿಲ್ಲಿಸುವುದು ವೈದ್ಯರು ಹೇಳಿದ ಹಾಗೆ, ಸ್ವಲ್ಪಸ್ವಲ್ಪವೇ.

ಮನೆಯಲ್ಲಿ ಆಗಬೇಕಾದ ದೊಡ್ಡ ಕೆಲಸ ನಿದ್ದೆ. ಎರಡೆರಡು ಗಂಟೆಯ ತುಂಡು ನಿದ್ದೆಯಲ್ಲ, ಒಂದೇ ಸಮನೆ ನಾಲ್ಕೈದು ಗಂಟೆ. ರಾತ್ರಿ ಒಂಬತ್ತಕ್ಕೆ ಹಾಲೂಡಿಸಿ ಅವಳು ಬೇರೆ ಕೋಣೆಯಲ್ಲಿ ಮಲಗಲಿ. ನಡುವಿನ ಸಲದ ಹಾಲನ್ನು ಹಿಂಡಿಟ್ಟು ಅಜ್ಜಿಯೋ ಗಂಡನೋ ಒಳಲೆಯಲ್ಲಿ ಕುಡಿಸಲಿ. ಹಿಂಡಿದ ಹಾಲು ಹೊರಗೆ ನಾಲ್ಕು ಗಂಟೆ ಇರುತ್ತದೆ ಎನ್ನುವುದು ತಂಪು ಹವೆಯ ಲೆಕ್ಕ. ನಮ್ಮ ಏಪ್ರಿಲ್ ಸೆಕೆಗೆ ಫ್ರಿಜ್ಜೇ ಸರಿ. ಕುದಿಸಬೇಡಿ, ಲೋಟವನ್ನು ಬಿಸಿನೀರಿನ ಪಾತ್ರೆಯಲ್ಲಿಟ್ಟರೆ ಸಾಕು. ಗಂಡ ಗಲ್ಫಿನಲ್ಲಿದ್ದರೆ ವಿಡಿಯೊ ಕಾಲಿನಲ್ಲಿ ಮಗುವನ್ನು ನೋಡುವುದರ ಜೊತೆಗೆ ರಾತ್ರಿಗೊಬ್ಬ ಸಹಾಯಕಿಯ ಖರ್ಚನ್ನೂ ನೋಡಿಕೊಳ್ಳಲಿ.

ಬಾಣಂತನವನ್ನೇ ದೂರುವವರ ಮಾತು ಪೂರ್ತಿ ಸರಿಯಲ್ಲ. ಎಣ್ಣೆ, ಹಂಡೆಯ ಬಿಸಿನೀರು, ಕಾಳುಮೆಣಸಿನ ಸಾರು, ಮೈ ತಿಕ್ಕುವ ಕೈಗಳು ಎಲ್ಲ ಇರಲಿ. ತೊಂದರೆ ಕೊಡುವುದು ಮುಚ್ಚಿದ ಕಿಟಕಿ, ಪಥ್ಯದ ಹೆಸರಿನಲ್ಲಿ ನೀರು ಕೊಡದಿರುವುದು, ಮತ್ತೆ ಮಾತಿಗೆ ಯಾರೂ ಇಲ್ಲದಿರುವುದು.

ಹಿಂದಿನವರು ಬಾಣಂತಿ ಸನ್ನಿ ಎನ್ನುತ್ತಿದ್ದದ್ದು ಬೇರೆಯೇ. ಸಾವಿರ ಹೆರಿಗೆಗೆ ಒಂದೋ ಎರಡೋ, ಹೆಚ್ಚಾಗಿ ಮೊದಲ ಎರಡು ವಾರದಲ್ಲಿ. ನಿದ್ದೆಯೇ ಬೇಡ ಎನ್ನುವ ಚುರುಕು, ತಾಳವಿಲ್ಲದ ಮಾತು, 'ಇದು ನನ್ನ ಮಗುವಲ್ಲ, ಬದಲಾಯಿಸಿದ್ದಾರೆ' ಎಂಬ ಸಂಶಯ, ಕಿವಿಯಲ್ಲಿ ಧ್ವನಿ. ಒಂದು ನಿಮಿಷವೂ ಅವಳೊಬ್ಬಳ ಬಳಿ ಮಗುವನ್ನು ಬಿಡಬಾರದು. ಹರಕೆ ಹೇಳುವುದಿದ್ದರೆ ಹೇಳಿಕೊಳ್ಳಿ, ಗಾಡಿ ಮಾತ್ರ ನೇರ ಆಸ್ಪತ್ರೆಗೆ ತಿರುಗಲಿ.

ಇಷ್ಟೆಲ್ಲ ಮಾಡಿಯೂ ಕೈತಪ್ಪುವ ಒಂದು ಘಟ್ಟವಿದೆ. ಹೆರಿಗೆ ಮಂಗಳೂರಿನಲ್ಲಿ, ಬಾಣಂತನ ತವರಿನಲ್ಲಿ, ಆಮೇಲೆ ಗಂಡನ ಮನೆ. ನವಜಾತ ಶಿಶುವನ್ನು ನೋಡಲು ಆಶಾ ಕಾರ್ಯಕರ್ತೆ ಮಾಡುವ ಮನೆಭೇಟಿಗಳು 3, 7, 14, 21, 28 ಮತ್ತು 42ನೇ ದಿನಕ್ಕೆ ಮುಗಿಯುತ್ತವೆ. ಖಿನ್ನತೆಯಾದರೋ ಮೊದಲ ವರ್ಷದಲ್ಲಿ ಯಾವಾಗಲೂ ಹತ್ತಬಹುದು. ಆದ್ದರಿಂದ ಅಂಕ ಮತ್ತು ತಾರೀಕನ್ನು ಮಗುವಿನ ಕಾರ್ಡಿನಲ್ಲೇ ಬರೆದುಕೊಡಿ. ಅಂಕಿಯನ್ನಾದರೆ ಯಾವ ಭಾಷೆಯವರೂ ಓದುತ್ತಾರೆ. ಗಂಡನ ಊರಿನ ವಾರ್ಡಿನ ಆಶಾಗೆ ಒಂದು ಫೋನ್ ಹೋಗಲಿ. 10 ಮತ್ತು 14ನೇ ವಾರದ ಸೂಜಿಗೆ ಅವಳು ಅಲ್ಲಿನ ಕೇಂದ್ರಕ್ಕೆ ಬರುತ್ತಾಳೆ, ಅಲ್ಲಿಯೂ ಅರ್ಧ ಗಂಟೆ ಕೂರಿಸುತ್ತಾರೆ.