ಮನೆಗೂ ಬೇಟೆಗೂ ಒಂದೇ ಕೋವಿ ಸಾಲದೇ?

ನಾನು ಶಿಕಾರಿಗೆ ಹೋಗುವವನು ಎಂದು ಗೊತ್ತಾದ ಕೂಡಲೇ ಜನ ಕೇಳುವ ಪ್ರಶ್ನೆ ಇದು: "ಒಂದು ಕೋವಿ ತಗೋಬೇಕು ಅಂತಿದ್ದೀನಿ. ರಾತ್ರಿ ಹೊತ್ತು ಮನೆಗೊಂದು ಧೈರ್ಯ ಇರಬೇಕು, ಆಗಾಗ ಬೇಟೆಗೂ ಒದಗಬೇಕು. ಯಾವುದು ತಗೊಳ್ಳಲಿ?" ಎಷ್ಟೋ ಜನ ಒಂದು ಹೆಸರನ್ನು ಆಗಲೇ ಮನಸ್ಸಿನಲ್ಲಿಟ್ಟುಕೊಂಡು ಬಂದಿರುತ್ತಾರೆ. ನಾನು ಹೂಂ ಅಂದರೆ ಸಾಕು.

ಲೈಸೆನ್ಸು ಇರಬೇಕು, ಬೇಟೆಗೆ ಕಾನೂನು ಒಪ್ಪಿದ ಜಾಗ ಮತ್ತು ಕಾಲ ಇರಬೇಕು. ಇವೆರಡೂ ಇಲ್ಲದವರ ಜೊತೆ ನಾನು ಮಾತು ಮುಂದುವರಿಸುವುದಿಲ್ಲ. ಇದ್ದವರಿಗೆ ನನ್ನ ಗಿಡ್ಡ ಉತ್ತರ: 20 ಬೋರಿನ ಜೋಡು ನಳಿಗೆ ಕೋವಿ. ಕೂತು ಕೇಳುವ ವ್ಯವಧಾನವಿದ್ದರೆ ಉದ್ದ ಉತ್ತರವೂ ಇದೆ. ಅದು ಮುಗಿಯುವ ಹೊತ್ತಿಗೆ ಅರ್ಧ ಜನ ಮನೆಗೆ ಕೋವಿ ತರುವ ಯೋಚನೆಯನ್ನೇ ಬಿಟ್ಟಿರುತ್ತಾರೆ.

ರೈಫಲ್‌ನಿಂದ ಶುರುಮಾಡೋಣ, ಏಕೆಂದರೆ ಆಸೆಯೆಲ್ಲ ಅದರ ಮೇಲೆಯೇ. 1906ರಲ್ಲಿ ಹುಟ್ಟಿದ .30-06 ತೋಟಾ ಇವತ್ತಿಗೂ ಜಿಂಕೆ, ಹಂದಿ ಬೇಟೆಗಾರರ ಅಚ್ಚುಮೆಚ್ಚು. ಗುರಿ ತಪ್ಪಿದರೆ ಅದರ ಗುಂಡು ಮೂರು ಕಿಲೋಮೀಟರ್ ದಾಟಿಯೂ ಹಾರಬಲ್ಲದು. ಆಟಿಕೆ ಅಂದುಕೊಳ್ಳುವ ಸಣ್ಣ .22 ರೈಫಲ್‌ನ ಗುಂಡು ಕೂಡ ಒಂದೂವರೆ ಕಿಲೋಮೀಟರ್ ದಾಟಿ ಹೋಗಬಲ್ಲದು. ಕಾಡಿನಲ್ಲಿ ಪ್ರಾಣಿಯ ಹಿಂದೆ ಗುಡ್ಡದ ಮಣ್ಣು ಕಾಣುವವರೆಗೆ ಕಾಯಬಹುದು, ಕಾಣದಿದ್ದರೆ ಹೊಡೆಯದೆ ಬರಬಹುದು. ಮನೆಯಲ್ಲಿ ಗುರಿಯ ಹಿಂದೆ ಇರುವುದು ಗೋಡೆ, ಗೋಡೆಯ ಹಿಂದೆ ಮಗುವಿನ ಹಾಸಿಗೆ, ಅದರಾಚೆ ಪಕ್ಕದ ಮನೆ. ಬೇಟೆಯ ರೈಫಲ್ ಮನೆ ಕಾಯುವ ಕೆಲಸಕ್ಕೆ ಬೇಡ ಎನ್ನಲು ನನಗೆ ಇಷ್ಟೇ ಸಾಕು.

ಪಿಸ್ತೂಲಿನ ಮಾತು ಬೇಗ ಮುಗಿಯುತ್ತದೆ. ಹಿಡಿಯುವುದು ಸುಲಭ, ಗುರಿ ಮುಟ್ಟಿಸುವುದು ಎಲ್ಲಕ್ಕಿಂತ ಕಷ್ಟ. ತಿಂಗಳುಗಟ್ಟಲೆ ಅಭ್ಯಾಸವಿಲ್ಲದಿದ್ದರೆ ಐದು ಹೆಜ್ಜೆ ದೂರದಲ್ಲೂ ತಪ್ಪುತ್ತದೆ, ಕೈ ನಡುಗುವಾಗಂತೂ ಹೇಳಲೇಬೇಡಿ. ಬೇಟೆಗೆ ಅದು ಒದಗುವುದೂ ಅಪರೂಪ.

ಉಳಿದದ್ದು ಚರೆ ಕೋವಿ, ಅಂದರೆ ಒಂದೇ ಈಡಿಗೆ ಹಲವು ಸಣ್ಣ ಗುಂಡುಗಳನ್ನು ಹಾರಿಸುವ ಕೋವಿ. ನಾನು ಹೇಳಿದ 20 ಬೋರ್ ಇದೇ ಜಾತಿಯದು. ಬೋರ್ ಅನ್ನುವುದು ನಳಿಗೆಯ ಅಗಲ ಹೇಳುವ ಹಳೆಯ ಲೆಕ್ಕ. ಒಂದು ಪೌಂಡ್ ಸೀಸದಲ್ಲಿ ಸಮನಾದ 12 ಗುಂಡು ಮಾಡಿದರೆ, ಅದರಲ್ಲಿ ಒಂದು ಗುಂಡು ಹಿಡಿಸುವ ನಳಿಗೆಯೇ 12 ಬೋರ್, ಸುಮಾರು 18.5 ಮಿಲಿಮೀಟರ್. 20 ಗುಂಡು ಮಾಡಿದರೆ ಒಂದೊಂದೂ ಚಿಕ್ಕದು, ಹಾಗಾಗಿ 20 ಬೋರಿನ ನಳಿಗೆ ಕಿರಿದು, 15.6 ಮಿಲಿಮೀಟರ್. ಸಂಖ್ಯೆ ಹೆಚ್ಚಾದಷ್ಟೂ ಕೋವಿ ದೊಡ್ಡದು ಅಂದುಕೊಂಡು ಬರುವವರಿಗೆ ಇದನ್ನು ಮೊದಲು ಬಿಡಿಸಿ ಹೇಳಬೇಕಾಗುತ್ತದೆ.

ಚರೆ ಕೋವಿಯ ಹೆಚ್ಚುಗಾರಿಕೆ ಅಂದರೆ ಕೋವಿ ಅದೇ ಇರುತ್ತದೆ, ತೋಟಾ ಬದಲಾಗುತ್ತದೆ. ಏಳೂವರೆ ನಂಬರಿನ ತೋಟಾದಲ್ಲಿ ಎರಡೂವರೆ ಮಿಲಿಮೀಟರಿಗೂ ಸಣ್ಣ ಚರೆಗಳು, 28 ಗ್ರಾಂ ಸೀಸದಲ್ಲಿ ಸುಮಾರು 350. ಹಾರುವ ಹಕ್ಕಿಗೆ ಇದು ಬೇಕು. 12 ಬೋರಿನ ಡಬಲ್-ಆಟ್ ಬಕ್‌ಶಾಟ್ ಎಂಬ ದಪ್ಪ ಚರೆಯ ತೋಟಾದಲ್ಲಿ 8.4 ಮಿಲಿಮೀಟರಿನ ಒಂಬತ್ತೇ ಒಂಬತ್ತು ಗುಂಡು. ಸ್ಲಗ್ ಅಂದರೆ ಒಂದೇ ದಪ್ಪ ಗುಂಡು.

ಇಲ್ಲಿ ನನಗೆ ಸಿಟ್ಟು ಬರುವ ಒಂದು ಸಂಗತಿ ಇದೆ. ಬಕ್‌ಶಾಟ್ ತುಂಬಿಕೊಂಡು ಐವತ್ತು ಮೀಟರ್ ಆಚೆ ಓಡುವ ಹಂದಿಗೆ ಹೊಡೆಯುವವರು. ಅಷ್ಟು ದೂರಕ್ಕೆ ಒಂಬತ್ತು ಗುಂಡು ಚದುರಿ, ಒಂದೋ ಎರಡೋ ಹೊಟ್ಟೆಗೆ ತಾಗಿ, ಪ್ರಾಣಿ ಪೊದೆಯೊಳಗೆ ನುಗ್ಗಿ ಎರಡು ದಿನ ನರಳಿ ಸಾಯುತ್ತದೆ. "ಈಡು ತಾಗಿತ್ತು, ಸಿಗಲಿಲ್ಲ" ಅಂತ ಕತೆ ಹೇಳುವುದು ಬೇರೆ. ಇಂಥದ್ದನ್ನು ತಡೆಯಲಿಕ್ಕೇ ಎಷ್ಟೋ ದೇಶಗಳ ಕಾನೂನು ಗುಂಡಿನ ಅಳತೆಯವರೆಗೂ ಹೋಗುತ್ತದೆ. ಇಂಗ್ಲೆಂಡಿನಲ್ಲಿ ದೊಡ್ಡ ಜಾತಿಯ ಜಿಂಕೆಗಳಿಗೆ .240 ಇಂಚಿಗಿಂತ ಸಣ್ಣ ರೈಫಲ್ ಬಳಸುವಂತಿಲ್ಲ. ಆಫ್ರಿಕಾದ ಹಲವು ದೇಶಗಳಲ್ಲಿ ಕಾಡೆಮ್ಮೆ, ಆನೆಯಂಥ ಅಪಾಯದ ಪ್ರಾಣಿಗಳಿಗೆ .375ಕ್ಕಿಂತ ಕಡಿಮೆ ನಡೆಯದು. ಚರೆ ಕೋವಿಯಲ್ಲಿ ಹಕ್ಕಿಗೆ 35 ಮೀಟರ್, ಸ್ಲಗ್‌ನಲ್ಲಿ ದೊಡ್ಡ ಪ್ರಾಣಿಗೆ 60 ಮೀಟರ್ ದಾಟಿದರೆ ನಾನು ಕೋವಿ ಎತ್ತುವುದಿಲ್ಲ. ಅದಕ್ಕಿಂತ ದೂರದ ಬೇಟೆ ನಿಮ್ಮದಾದರೆ ರೈಫಲ್ ಬೇಕು. ಅಲ್ಲಿಗೆ "ಒಂದೇ ಕೋವಿ" ಎಂಬ ಆಸೆಯೂ ಮುಗಿಯಿತು.

12 ಬಿಟ್ಟು 20 ಏಕೆ? ಹೆಗಲಿಗೆ ಹಗುರ, ಒದೆತ ಕಡಿಮೆ, ಮನೆಯಲ್ಲಿ ಇನ್ನೊಬ್ಬರಿಗೂ ಹಿಡಿಯಲು ಬರುತ್ತದೆ. ನಾನು ಮೊದಲು ಕಲಿತದ್ದು ಬೇರೆಯವರ ಭಾರಿ 12 ಬೋರಿನಲ್ಲಿ. ಅದರ ಮರದ ಹಿಡಿ ನನ್ನ ತೋಳಿಗೆ ಎರಡು ಬೆರಳು ಉದ್ದ. ಒಂದು ವಾರ ಹೆಗಲು ನೀಲಿ, ಒಂದು ವರ್ಷ ಟ್ರಿಗರ್ ಎಳೆಯುವ ಮುಂಚೆಯೇ ಕಣ್ಣು ಮುಚ್ಚುವ ಚಾಳಿ. ಕೋವಿ ಮೈಗೆ ಕೂರಬೇಕು, ಚಪ್ಪಲಿ ಕಾಲಿಗೆ ಕೂರುವ ಹಾಗೆ. ಕಣ್ಣು ಮುಚ್ಚಿ ಹೆಗಲಿಗೇರಿಸಿ, ಆಮೇಲೆ ಕಣ್ಣು ಬಿಟ್ಟಾಗ ನೋಟ ನೇರ ನಳಿಗೆಯ ತುದಿಗೆ ಹೋದರೆ ಅದು ನಿಮ್ಮದು. ಹಳೆಯ ಕೋವಿ ಕೊಳ್ಳುವವರು ಇನ್ನೊಂದು ನೋಡಬೇಕು. ಸೀಸದ ವಿಷದಿಂದಾಗಿ ಅಮೆರಿಕದಲ್ಲಿ 1991ರಿಂದ ನೀರುಹಕ್ಕಿಯ ಬೇಟೆಗೆ ಸೀಸದ ಚರೆ ನಿಷಿದ್ಧ, ಯುರೋಪಿಯನ್ ಒಕ್ಕೂಟದ ಜೌಗುಗಳಲ್ಲೂ 2023ರಿಂದ ಹಾಗೆಯೇ. ಬದಲಿಗೆ ಬಂದ ಉಕ್ಕಿನ ಚರೆ ಗಟ್ಟಿ. ಹಳೆಯ ತೆಳು ನಳಿಗೆ, ಬಿಗಿ ಚೋಕ್ (ನಳಿಗೆಯ ತುದಿಯ ಕಿರಿದು ಭಾಗ) ಅದನ್ನು ತಾಳುವುದಿಲ್ಲ.

ಇನ್ನು ಮನೆಯ ವಿಚಾರ. "ಚರೆ ಕೋವಿಗೆ ಗುರಿಯೇ ಬೇಡ, ಆ ಕಡೆ ತಿರುಗಿಸಿದರೆ ಸಾಕು" ಎನ್ನುವ ಮಾತನ್ನು ಎಷ್ಟು ಬಾರಿ ಕೇಳಿದ್ದೇನೋ. ಕೋಣೆಯೊಳಗಿನ ನಾಲ್ಕೈದು ಮೀಟರಿನಲ್ಲಿ ಚರೆಗಳು ಹರಡುವುದು ಅಂಗೈ ಅಗಲ, ಹೆಚ್ಚೆಂದರೆ ಒಂದು ಗೇಣು. ತಪ್ಪಿದರೆ ಪೂರಾ ತಪ್ಪುತ್ತದೆ, ಬಕ್‌ಶಾಟ್ ಆದರೆ ತೆಳು ಗೋಡೆ ತೂರಿ ಆಚೆಗೂ ಹೋಗುತ್ತದೆ. ಸದ್ದೂ ಸಣ್ಣದಲ್ಲ. 140 ಡೆಸಿಬೆಲ್ ದಾಟಿದ ಒಂದೇ ಸದ್ದು ಕಿವಿ ಕೆಡಿಸಬಲ್ಲದು, ಕೋವಿಯ ಸದ್ದು ಅದನ್ನೂ ಮೀರಿದ್ದು, ಅದೂ ಮುಚ್ಚಿದ ಕೋಣೆಯಲ್ಲಿ.

ಒಂದು ರಾತ್ರಿ ಕರೆಂಟು ಹೋಗಿತ್ತು. ಅಡುಗೆಮನೆಯಲ್ಲಿ ಪಾತ್ರೆ ಸದ್ದಾಯಿತು. ಕೋವಿ ತೆಗೆದು, ಎರಡು ತೋಟಾ ಹಾಕಿ, ಗೋಡೆ ಸವರಿಕೊಂಡು ಹೋದೆ. ಬಾಗಿಲಲ್ಲಿ ನಿಂತ ನೆರಳಿನ ಎದೆಗೆ ನಳಿಗೆ ತಿರುಗಿತ್ತು. "ಭಾವ, ಕುಡಿಯೋ ನೀರು ಎಲ್ಲಿಟ್ಟಿದ್ದೀರಿ?" ಅಂತ ನೆರಳು ಕೇಳಿತು. ನನ್ನ ಹೆಂಡತಿಯ ತಮ್ಮ. ಸಂಜೆ ಬಂದವನು ಹಾಲ್‌ನಲ್ಲಿ ಮಲಗಿದ್ದ, ನಿದ್ದೆಗಣ್ಣಿನಲ್ಲಿ ನಾನು ಅದನ್ನು ಮರೆತಿದ್ದೆ. ಅವನಿಗೆ ಇವತ್ತಿಗೂ ಇದು ಗೊತ್ತಿಲ್ಲ.

ಅಂದಿನಿಂದ ಹಾಸಿಗೆಯ ಪಕ್ಕ ಇರುವುದು ಟಾರ್ಚು. ಕೋವಿಗೇ ಸಿಕ್ಕಿಸುವ ಟಾರ್ಚು ಬರುತ್ತದೆ, ನನಗದು ಬೇಡ. ಯಾರೆಂದು ನೋಡಬೇಕಾದರೆ ಅವರ ಎದೆಗೇ ನಳಿಗೆ ಹಿಡಿಯಬೇಕಲ್ಲ.

ಒಂದೇ ಕೋವಿ ಸಾಲದು ಎನ್ನಲು ನನಗಿರುವ ದೊಡ್ಡ ಕಾರಣ ಬೋರೂ ಅಲ್ಲ, ತೋಟಾವೂ ಅಲ್ಲ. ಬೇಟೆಯ ಕೋವಿ ಕಬ್ಬಿಣದ ಪೆಟ್ಟಿಗೆಯಲ್ಲಿ ಬೀಗ ಹಾಕಿ ಮಲಗಿರಬೇಕು, ತೋಟಾ ಬೇರೆ ಬೀಗದಲ್ಲಿ. ಮನೆ ಕಾಯುವ ಕೋವಿ ಕೈಗೆಟುಕಬೇಕು. ಎರಡೂ ಏಕಕಾಲಕ್ಕೆ ಆಗುವುದಿಲ್ಲ. ಮತ್ತೆ, ಕೈಗೆಟುಕುವ ಕೋವಿ ಕಳ್ಳನಿಗಿಂತ ಮೊದಲು ಸಿಗುವುದು ಮನೆಯವರಿಗೇ. ಕ್ಯಾಲಿಫೋರ್ನಿಯಾದ ಸುಮಾರು 2.6 ಕೋಟಿ ಜನರ ದಾಖಲೆಗಳನ್ನು ಹನ್ನೆರಡು ವರ್ಷ ಹಿಂಬಾಲಿಸಿದ, 2020ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದೆ. ಕೈಬಂದೂಕು ಇದ್ದ ಗಂಡಸರಲ್ಲಿ ಆತ್ಮಹತ್ಯೆಯ ಪ್ರಮಾಣ ಇಲ್ಲದವರ ಮೂರು ಪಟ್ಟಿಗೂ ಹೆಚ್ಚು, ಹೆಂಗಸರಲ್ಲಿ ಏಳು ಪಟ್ಟಿಗೂ ಹೆಚ್ಚು. ಮನೆಯಲ್ಲಿ ಪುಟ್ಟ ಮಕ್ಕಳೋ, ಮನಸ್ಸು ಸರಿಯಿಲ್ಲದೆ ಒದ್ದಾಡುತ್ತಿರುವವರೋ, ಕುಡಿದು ಕೂಗಾಡುವವರೋ ಇದ್ದಾರೆಂದರೆ ನಾನು ಬೋರಿನ ಮಾತೇ ಎತ್ತುವುದಿಲ್ಲ. ಗಟ್ಟಿ ಬಾಗಿಲು, ಒಳ್ಳೆ ಅಗುಳಿ, ಹೊರಗೊಂದು ದೀಪ, ಬೊಗಳುವ ನಾಯಿ ಅಂತ ಹೇಳಿ ಕಳಿಸುತ್ತೇನೆ. ಕೆಲವರಿಗೆ ಇದರಿಂದ ಬೇಸರವಾಗಿದೆ, ಆಗಲಿ.

ಇಷ್ಟಾದ ಮೇಲೂ 20 ಬೋರ್ ಕೊಂಡು, ನಾಲ್ಕು ವರ್ಷದ ಮೇಲೆ ಮನೆಗೆ 12 ಬೋರನ್ನೂ ತರುವವರಿಗೆ ಒಂದು ಮಾತು. 20 ಬೋರಿನ ತೋಟಾ 12ರ ನಳಿಗೆಯೊಳಗೆ ಜಾರಿ, ಮುಂದೆ ಹೋಗಿ ಸಿಕ್ಕಿಕೊಳ್ಳುತ್ತದೆ. ಹಿಂದಿನಿಂದ ನೋಡಿದರೆ ನಳಿಗೆ ಖಾಲಿಯಂತೆ ಕಾಣುತ್ತದೆ. ಅದರ ಮೇಲೆ 12ರ ತೋಟಾ ಹಾಕಿ ಹೊಡೆದರೆ ನಳಿಗೆ ಸಿಡಿದು ಎಡಗೈ ಹೋಗುತ್ತದೆ. 20 ಬೋರಿನ ತೋಟಾಗಳಿಗೆ ಹಳದಿ ಬಣ್ಣ ಬಂದದ್ದು ಇದಕ್ಕೇ. ಎರಡನ್ನೂ ಒಂದೇ ಜೇಬಿಗೆ, ಒಂದೇ ಡಬ್ಬಿಗೆ ಹಾಕಬೇಡಿ. ಬೇಟೆಗೆ ಹೊರಡುವ ದಿನ ಒಂದು ಕೋವಿ ಮನೆಯಲ್ಲಿರಲಿ, ಅದರ ತೋಟಾಗಳೂ ಅಲ್ಲೇ ಇರಲಿ.