ಮನಿಲಾ ಕೋಟೆಗೆ ಹೋಗುವವರೇ, ಕುದುರೆಗಾಡಿ ಹತ್ತಬೇಡಿ

ಫಿಲಿಪ್ಪೀನ್ಸಿನ ಮನಿಲಾದಲ್ಲಿ ಸ್ಪೇನಿನವರು ಸುತ್ತ ಗೋಡೆ ಕಟ್ಟಿ ಮಾಡಿಕೊಂಡಿದ್ದ ಹಳೆಯ ಊರು ಇಂಟ್ರಾಮುರೋಸ್. ಅಲ್ಲಿ ಕಾಲಿಟ್ಟು ಐದು ನಿಮಿಷವಾಗಿರಲಿಲ್ಲ, ಕುದುರೆಗಾಡಿಯವನೊಬ್ಬ ಬೆನ್ನುಹತ್ತಿದ. ಕಲೆಸಾ ಎನ್ನುತ್ತಾರೆ ಆ ಗಾಡಿಗೆ. ‘350 ಪೆಸೊ, ಎಲ್ಲ ತೋರಿಸುತ್ತೇನೆ’ ಎಂದ. ಇಳಿಯುವಾಗ ಅದು ತಲೆಗೆ 350, ಅದೂ ಅರ್ಧ ಗಂಟೆಗೆ ಎಂದಾಯಿತು. ಇಬ್ಬರು, ಒಂದು ಗಂಟೆ: 1,400. ಯಜಮಾನರು ಪರಸ್ಥಳದಲ್ಲಿ ಜಗಳ ಬೇಡವೆಂದರು, ಎಣಿಸಿ ಕೊಟ್ಟೆವು. ಎಲ್‌ಆರ್‌ಟಿ ರೈಲಿನ ಸೆಂಟ್ರಲ್ ನಿಲ್ದಾಣದಲ್ಲಿ ಇಳಿದರೆ ಕೋಟೆಗೆ ಇಪ್ಪತ್ತು ನಿಮಿಷದ ನಡಿಗೆ. ಕೊಡೆ ಹಿಡಿದು ನಡೆಯಿರಿ.

ದುಡ್ಡಿಗಿಂತ ನನಗೆ ಹೆಚ್ಚು ಉರಿದದ್ದು ಅವನ ಇನ್ನೊಂದು ಮಾತಿಗೆ. ಅಲ್ಲಿನ ಕೋಟೆ ಫೋರ್ಟ್ ಸ್ಯಾಂಟಿಯಾಗೊದ ಹೆಬ್ಬಾಗಿಲು ತೋರಿಸಿ ‘ನಾನೂರು ವರ್ಷದ್ದು’ ಎಂದಿದ್ದ. ರಾಜಾ ಸುಲೈಮಾನನ ಮರದ ಕೋಟೆಯಿದ್ದ ಜಾಗವನ್ನು ಸ್ಪೇನಿನವರು 1571ರಲ್ಲಿ ಹಿಡಿದು, 1590ರ ದಶಕದಲ್ಲಿ ಕಲ್ಲಿನ ಕೋಟೆ ಎಬ್ಬಿಸಿದ್ದು ನಿಜ. ಆದರೆ 1945ರ ಫೆಬ್ರುವರಿಯಲ್ಲಿ ಒಳಗೆ ಸೇರಿಕೊಂಡಿದ್ದ ಜಪಾನಿ ಸೈನಿಕರ ಮೇಲೆ ಅಮೆರಿಕನ್ನರು ಫಿರಂಗಿ ಹಾರಿಸಿದಾಗ ಬಾಗಿಲೂ ಹೋಯಿತು, ಇಂಟ್ರಾಮುರೋಸ್ ಬಹುಪಾಲು ಪುಡಿಯಾಯಿತು. ಚರ್ಚುಗಳಲ್ಲಿ ನಿಂತು ಉಳಿದದ್ದು ಸ್ಯಾನ್ ಅಗಸ್ಟಿನ್ ಒಂದೇ. ಅವಶೇಷಗಳನ್ನು ನೋಡಿಕೊಳ್ಳಲು ಪ್ರತ್ಯೇಕ ಸರ್ಕಾರಿ ಸಂಸ್ಥೆ ಬಂದದ್ದು 1979ರಲ್ಲಿ. ನಾವೆಲ್ಲ ಎದುರು ನಿಂತು ಫೋಟೊ ತೆಗೆಸಿಕೊಳ್ಳುವ ಹೆಬ್ಬಾಗಿಲು ಮರುಕಟ್ಟಿದ್ದು, ವಯಸ್ಸಿನಲ್ಲಿ ನನಗಿಂತ ಚಿಕ್ಕದು! ಚೆನ್ನಾಗಿಯೇ ಕಟ್ಟಿದ್ದಾರೆ, ಅದನ್ನು ಹಾಗೆಂದೇ ಹೇಳಿದರೆ ಏನು ಕಡಿಮೆಯಾಗುತ್ತಿತ್ತು? ಗೋಡೆಯ ಮೇಲೆ ನಿಧಾನವಾಗಿ ನಡೆದರೆ ಹಳೆಯ ಕಲ್ಲು, ಹೊಸ ಕಲ್ಲು ಕೆಲವೆಡೆ ಕಣ್ಣಿಗೇ ತಿಳಿಯುತ್ತವೆ. ಬೂದು ಬಣ್ಣದ ಮೆದುವಾದ ಜ್ವಾಲಾಮುಖಿ ಕಲ್ಲು, ಮಳೆಗೆ ಸವೆಯುವಂಥದ್ದು. ಹೊರಗಿನ ಕಂದಕವನ್ನು ಅಮೆರಿಕನ್ನರು ಮುಚ್ಚಿಸಿದ್ದರು, ಈಗ ಅಲ್ಲಿ ಗಾಲ್ಫ್ ಆಡುತ್ತಾರೆ.

ಕೋಟೆಯೊಳಗೆ ಹೋಗಲು 75 ಪೆಸೊ ಕೊಟ್ಟೆವು. ಸ್ಪೇನಿನವರು ಮರಣದಂಡನೆ ವಿಧಿಸಿದ್ದ ಫಿಲಿಪ್ಪೀನ್ಸಿನ ರಾಷ್ಟ್ರವೀರ ಹೊಸೆ ರಿಸಾಲ್ 1896ರ ಡಿಸೆಂಬರ್ 30ರಂದು ಗುಂಡಿಗೆ ಬಲಿಯಾಗಲು ನಡೆದ ದಾರಿಯಲ್ಲಿ ಲೋಹದ ಹೆಜ್ಜೆಗಳನ್ನು ಕೂರಿಸಿದ್ದಾರೆ. ನಾವು ಹೋದಾಗ ಮೂರು ಶಾಲೆಗಳ ಮಕ್ಕಳು ಅದೇ ಹೆಜ್ಜೆಗಳ ಮೇಲೆ ಕುಣಿಯುತ್ತಿದ್ದರು. ಗದ್ದಲ ನನಗೆ ಆಗದು, ರಿಸಾಲನ ಸೆರೆಕೋಣೆಯನ್ನು ಅರ್ಧಕ್ಕೇ ಬಿಟ್ಟೆ. ನೀವು ಬಾಗಿಲು ತೆರೆಯುವ ಹೊತ್ತಿಗೇ ಹೋಗಿ. ನದಿಯ ಕಡೆಯ ಸಾಂತಾ ಬಾರ್ಬರಾ ಕೊತ್ತಲದ ನೆಲಮಾಳಿಗೆಯನ್ನು ಮಾತ್ರ ತಪ್ಪಿಸಬೇಡಿ. ಮದ್ದುಗುಂಡಿಗೆಂದು ಕಟ್ಟಿದ್ದು ಸೆರೆಮನೆಯಾಯಿತು. ಯುದ್ಧ ಮುಗಿದಾಗ ಅಲ್ಲಿ ಸುಮಾರು 600 ಶವಗಳು ಸಿಕ್ಕವು. ತಲೆ ಬಗ್ಗಿಸಿಯೇ ನುಗ್ಗಬೇಕು, ಉಸಿರು ಕಟ್ಟುವವರಿಗೆ ಬೇಡ.

ಗಾಡಿಯವನು ಹೇಳದ ಒಂದು ಸಂಗತಿಯಿದೆ. 1762ರಲ್ಲಿ ಮದ್ರಾಸಿನಿಂದ ಹಡಗೇರಿ ಬಂದು ಮನಿಲಾ ಗೆದ್ದ ಇಂಗ್ಲಿಷರ ದಂಡಿನಲ್ಲಿ ನಮ್ಮ ಕಡೆಯ ಸಿಪಾಯಿಗಳೂ ಇದ್ದರು. ಕೆಲವರು ಹಿಂತಿರುಗದೆ ಹತ್ತಿರದ ಕೈಂತಾ ಊರಿನಲ್ಲಿ ಸಂಸಾರ ಹೂಡಿದರು.

ಊಟದ ಚಿಂತೆ ನನಗೆ ದೊಡ್ಡದಿತ್ತು. ಗೋಡೆಯೊಳಗಿನ ಅಂದದ ಹೋಟೆಲಿನಲ್ಲಿ ‘ತರಕಾರಿ’ ಎಂದು ತಂದಿಟ್ಟದ್ದರಲ್ಲಿ ಸಿಗಡಿ ಪೇಸ್ಟ್ ಇತ್ತು. ಕೊನೆಗೆ ಹಿಂದಿನ ಬೀದಿಯ ತಗಡಿನ ಸೂರಿನ ಕ್ಯಾರಿಂಡೆರಿಯಾ ಕೈಹಿಡಿಯಿತು. ಪಾತ್ರೆಗಳನ್ನು ಸಾಲಾಗಿಟ್ಟು ಬಡಿಸುವ ನಮ್ಮ ಖಾನಾವಳಿಯಂಥದ್ದು. ಶುಕ್ರವಾರ ಹೆಸರುಕಾಳು ಬೇಯಿಸುವುದು ಅಲ್ಲಿನ ವಾಡಿಕೆ. ಮಾಂಸ ಬೇಡವೆಂದು ಕೈಸನ್ನೆ ಮಾಡಿದೆ. ಆಕೆ ನಕ್ಕು, ಹಂದಿಮಾಂಸ ಬೀಳುವ ಮೊದಲೇ ಒಂದು ಬೋಗುಣಿ ತೆಗೆದಿಟ್ಟಳು. ಬೆಳ್ಳುಳ್ಳಿ ಒಗ್ಗರಣೆ, ಮೇಲೆ ಹಿಡಿ ನುಗ್ಗೆಸೊಪ್ಪು, ಬಿಸಿ ಅನ್ನ. ಅಜ್ಜಿ ಮನೆಯ ಸಾರು! ಜೊತೆಗೆ ಪುಟೊ ಎಂಬ ಅಕ್ಕಿಯ ಪುಟ್ಟ ಇಡ್ಲಿ, ತೆಂಗಿನತುರಿ ಉದುರಿಸಿದ್ದು, ಸ್ವಲ್ಪ ಸಿಹಿ. ಇಬ್ಬರಿಗೂ 160 ಪೆಸೊ. ಮರುದಿನವೂ ಹೋದೆವು, ಹೆಸರುಕಾಳು ಇರಲಿಲ್ಲ. ಶುಕ್ರವಾರವೇ ಹೋಗಿ, ಹನ್ನೊಂದೂವರೆಯೊಳಗೆ. ಆಮೇಲೆ ಆ ಪಾತ್ರೆಗೂ ಹಂದಿಮಾಂಸ ಬಿದ್ದಿರುತ್ತದೆ.